ಹಾಬ್ಸ್ ಲೇನಿನ ಗುಂಡಿಯಲ್ಲಿ ಸಿಕ್ಕಿದ್ದು

ಡ್ರಿಲ್ಲಿಂಗ್ ಕೆಲಸದ ಸ್ಲ್ಯಾಡನ್ ತನ್ನ ಸಾಮಾನು ಕಟ್ಟಿಕೊಳ್ಳಲು ಒಬ್ಬನೇ ಗುಂಡಿಗಿಳಿಯುತ್ತಾನೆ. ಸ್ವಲ್ಪ ಹೊತ್ತಿಗೆ ಸುತ್ತಲಿನ ವಸ್ತುಗಳು ತಾವಾಗಿಯೇ ಹಾರಾಡತೊಡಗುತ್ತವೆ. ಅವನು ಹೊರಗೆ ಓಡುತ್ತಾನೆ. ಕಾಲುಗಳು ತನ್ನವಲ್ಲ ಎಂಬಂತೆ ಕುಪ್ಪಳಿಸುತ್ತಾ ಬೀದಿ ದಾಟಿ ಚರ್ಚಿನ ಅಂಗಳದಲ್ಲಿ ಬೀಳುತ್ತಾನೆ. ಬಿದ್ದವನ ಅಡಿಯಲ್ಲಿ ನೆಲವೇ ಅಲೆಯಂತೆ ಏಳುತ್ತದೆ, ಇಳಿಯುತ್ತದೆ. ಅನ್ಯಗ್ರಹದ ಜೀವಿಯೊಂದೂ ಈ ದೃಶ್ಯದಲ್ಲಿಲ್ಲ. ಆದರೂ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಗಳಲ್ಲಿ ನನ್ನನ್ನು ಇಷ್ಟು ನಡುಗಿಸಿದ ಇನ್ನೊಂದು ದೃಶ್ಯವಿಲ್ಲ.

ಇದು ಬಿಬಿಸಿಯ 'ಕ್ವೇಟರ್‌ಮಾಸ್ ಅಂಡ್ ದಿ ಪಿಟ್'. 1958ರ ಡಿಸೆಂಬರ್ 22ರಿಂದ 1959ರ ಜನವರಿ 26ರವರೆಗೆ ಆರು ಸೋಮವಾರ ಪ್ರಸಾರವಾಯಿತು. ಬರೆದವನು ನೈಜೆಲ್ ನೀಲ್, ನಿರ್ದೇಶಿಸಿದವನು ರುಡಾಲ್ಫ್ ಕಾರ್ಟಿಯರ್. ಬ್ರಿಟಿಷ್ ಟೆಲಿವಿಷನ್‌ನಲ್ಲಿ ವೈಜ್ಞಾನಿಕ ಕಥೆಗೆ ಒಂದು ಪರಂಪರೆ ಇದೆ ಎನ್ನುವುದಾದರೆ ಅದರ ಬೇರು ಈ ಜೋಡಿಯ ಕೆಲಸದಲ್ಲಿದೆ.

ಆರಂಭ 1953ರಲ್ಲಿ, 'ದಿ ಕ್ವೇಟರ್‌ಮಾಸ್ ಎಕ್ಸ್‌ಪೆರಿಮೆಂಟ್'ನಿಂದ. ಮೂವರನ್ನು ಹೊತ್ತು ಹೋದ ರಾಕೆಟ್ ಒಬ್ಬನನ್ನಷ್ಟೇ ಹೊತ್ತು ಮರಳುತ್ತದೆ. ಆ ಒಬ್ಬನೂ ದಿನದಿನಕ್ಕೆ ಸಸ್ಯದಂಥ ಬೇರೊಂದು ಜೀವವಾಗುತ್ತಾ ಹೋಗುತ್ತಾನೆ. ಎಲ್ಲವೂ ನೇರ ಪ್ರಸಾರ, ತಪ್ಪಿದರೆ ತಪ್ಪಿದ್ದೇ. ಕೊನೆಯಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಕಾಣುವ ದೈತ್ಯ, ಅಬೆಯ ದೊಡ್ಡ ಫೋಟೋದ ತೂತಿನಿಂದ ಹೊರಚಾಚಿದ ನೀಲ್‌ನದೇ ಕೈಗಳು. ಎಲೆ ಅಂಟಿಸಿದ ಕೈಗವಸು, ಅಷ್ಟೆ. ಈ ಬಡತನದ ಕಥೆಯನ್ನು ಎಲ್ಲರೂ ಮೆಚ್ಚಿ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಅದರ ನಂತರದ ಕ್ಷಣ. ಕಥಾನಾಯಕ ಪ್ರೊಫೆಸರ್ ಕ್ವೇಟರ್‌ಮಾಸ್ ಬಂದೂಕು ಎತ್ತುವುದಿಲ್ಲ, ಆ ದೈತ್ಯನೊಳಗೆ ಕರಗಿಹೋದ ಮೂವರೊಂದಿಗೆ ಮಾತಾಡುತ್ತಾನೆ. ನೀವು ಮನುಷ್ಯರಾಗಿದ್ದಿರಿ ಎಂದು ನೆನಪಿಸುತ್ತಾನೆ. ಆ ನೆನಪೇ ದೈತ್ಯನನ್ನು ಕೊಲ್ಲುತ್ತದೆ.

ಐದು ವರ್ಷಗಳ ನಂತರ 'ಪಿಟ್' ಅದೇ ಮಾತನ್ನು ತಲೆಕೆಳಗು ಮಾಡಿತು: ಈಗ ನೆನಪೇ ರೋಗ. ಲಂಡನ್ನಿನ ಹಾಬ್ಸ್ ಲೇನಿನಲ್ಲಿ ಕಟ್ಟಡಕ್ಕಾಗಿ ಅಗೆಯುವಾಗ ವಾನರ ಮಾನವರ ತಲೆಬುರುಡೆಗಳು ಸಿಗುತ್ತವೆ, ಆಮೇಲೆ ಲೋಹದ ದೊಡ್ಡ ಕವಚ. ಕರ್ನಲ್ ಬ್ರೀನ್‌ಗೆ ಅದು ಜರ್ಮನ್ನರ ಹಳೆಯ ಅಸ್ತ್ರ. ಕೊನೆಯವರೆಗೂ ಅವನ ವಾದ ಅದೇ. ನಿಜದಲ್ಲಿ ಅದು ಐವತ್ತು ಲಕ್ಷ ವರ್ಷ ಹಿಂದೆ ಮಂಗಳದಿಂದ ಬಂದ ನೌಕೆ. ಸಾಯುತ್ತಿದ್ದ ಮಂಗಳದವರು ನಮ್ಮ ಪೂರ್ವಜರ ಮಿದುಳನ್ನು ತಿದ್ದಿ, ತಮ್ಮ ಬುದ್ಧಿಯ ಜೊತೆಗೆ ತಮ್ಮ ದ್ವೇಷವನ್ನೂ ಅದರಲ್ಲಿ ಬಿತ್ತಿ ಹೋಗಿದ್ದಾರೆ.

ನೀಲ್‌ನ ಪ್ರತಿಭೆ ಪೂರ್ತಿ ಬೆಳಗುವುದು ಇಲ್ಲಿಂದ ಮುಂದೆ. ಆ ಬೀದಿಯ ಹಳೆಯ ಫಲಕದಲ್ಲಿ ಹೆಸರಿನ ಕಾಗುಣಿತವೇ ಬೇರೆ, 'ಹಾಬ್' ಎಂದರೆ ಪಿಶಾಚಿ. ದಾಖಲೆ ಕೆದಕಿದಂತೆಲ್ಲ ಶತಮಾನಗಳ ದೆವ್ವದ ಕಥೆಗಳು ಹೊರಬರುತ್ತವೆ, ಯಾರು ಯಾವಾಗ ಅಲ್ಲಿ ನೆಲ ಕೆಣಕಿದರೋ ಆಗೆಲ್ಲ. ನೀಲ್ ಜಾನಪದವನ್ನು ಮೂಢನಂಬಿಕೆ ಎಂದು ಗುಡಿಸಿ ಹಾಕುವುದಿಲ್ಲ, ತಲೆಬುರುಡೆಗಳಷ್ಟೇ ಗಟ್ಟಿ ಸಾಕ್ಷ್ಯವಾಗಿ ಓದುತ್ತಾನೆ. ದೆವ್ವಕ್ಕೆ ಕಬ್ಬಿಣ ಆಗದು ಎಂಬ ಹಳೆಯ ನಂಬಿಕೆಯೇ ಕೊನೆಗೆ ನಗರವನ್ನು ಉಳಿಸುವ ಉಪಾಯವಾಗುತ್ತದೆ. ಬಾಣಂತಿಯ ತಲೆದಿಂಬಿನಡಿ ಕಬ್ಬಿಣದ ತುಂಡು ಇಡುತ್ತಿದ್ದ ಮನೆಯಲ್ಲಿ ಬೆಳೆದ ನನಗೆ ಇದು ದೂರದ ಲಂಡನ್ನಿನ ಕಥೆ ಅನ್ನಿಸಲೇ ಇಲ್ಲ. ಕಂತುಗಳ ಹೆಸರಿನಲ್ಲೂ ಈ ನಡೆ ಇದೆ: ಮೊದಲನೆಯದು 'ದಿ ಹಾಫ್‌ಮೆನ್', ಕೊನೆಯದು ಬರಿದೇ 'ಹಾಬ್'.

ನನ್ನದೊಂದು ಗಂಭೀರ ತಕರಾರಿದೆ. ಧಾರಾವಾಹಿ ಬರುವ ಕೆಲವೇ ತಿಂಗಳ ಹಿಂದೆ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಕೆರಿಬಿಯನ್ ವಲಸಿಗರ ಮೇಲೆ ಬಿಳಿಯರ ಗುಂಪುಗಳು ದಾಳಿ ಮಾಡಿದ್ದವು. ಕೊನೆಯ ಕಂತಿನಲ್ಲಿ ಮಂಗಳದವರ ದ್ವೇಷ ಕೆರಳಿ ಬೀದಿಬೀದಿಯಲ್ಲಿ ಜನ ತಮಗಿಂತ ಬೇರೆಯಾದವರನ್ನು ಹುಡುಕಿ ಕೊಲ್ಲುವಾಗ ಅಂದಿನ ಪ್ರೇಕ್ಷಕರಿಗೆ ಆ ಬೇಸಿಗೆ ನೆನಪಾಗದೆ ಇರದು. ಆದರೆ ಆ ದಾಳಿಗಳಿಗೆ ಕಾರಣಗಳಿದ್ದವು: ಕೊಳಕು ವಸತಿ, ಬಾಡಿಗೆಯ ಸುಲಿಗೆ, ದ್ವೇಷವನ್ನೇ ರಾಜಕೀಯ ಮಾಡಿಕೊಂಡವರ ಭಾಷಣ. ಎಲ್ಲಕ್ಕೂ ಮಂಗಳದವರು ಬಿತ್ತಿದ ಬೀಜವೇ ಮೂಲ ಎಂದರೆ ಹೊಣೆ ಯಾರದ್ದು?

ನೀಲ್‌ಗೆ ಈ ಪ್ರಶ್ನೆ ಗೊತ್ತಿತ್ತೆಂದು ನನಗೆ ಅನ್ನಿಸುವುದು ಒಂದೇ ಒಂದು ಘಟನೆಯಿಂದ. ಕಥಾನಾಯಕ ಕ್ವೇಟರ್‌ಮಾಸ್ ಕೂಡ ಕೊಲ್ಲುವ ಆ ಆವೇಶಕ್ಕೆ ಸಿಕ್ಕಿ, ತನ್ನ ಗೆಳೆಯ ಡಾಕ್ಟರ್ ರೋನಿಯನ್ನೇ ಕೊಲ್ಲಲು ಹೋಗುತ್ತಾನೆ. ರೋನಿಗೆ ಆವೇಶ ತಟ್ಟಿಲ್ಲ, ಅವನು ಬೇರೆ. ಅಷ್ಟೇ ಅವನ ತಪ್ಪು. ಆಮೇಲೆ ಎಚ್ಚೆತ್ತ ಕ್ವೇಟರ್‌ಮಾಸ್ ಅದನ್ನು ಬಾಯಿಬಿಟ್ಟು ಒಪ್ಪಿಕೊಳ್ಳುತ್ತಾನೆ. ಆ ಪಾತ್ರ ಮಾಡಿದ ಆಂಡ್ರೆ ಮೊರೆಲ್‌ನ ಮುಖದಲ್ಲಿ ಆಗ ಕಾಣುವ ನಾಚಿಕೆಯಲ್ಲಿ ಹೊಣೆ ಮತ್ತೆ ಮನುಷ್ಯನ ಹೆಗಲಿಗೆ ಬರುತ್ತದೆ. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಕಾರ್ಟಿಯರ್ ಈ ದೃಶ್ಯವನ್ನು ಅವಸರಿಸದೆ ನಿಧಾನಕ್ಕೆ ತೆಗೆದಿದ್ದಾನೆ.

ಮುಂದಿನವರು ನೀಲ್‌ನಿಂದ ಗುಂಡಿಯನ್ನು ಪಡೆದರು, ಈ ನಾಚಿಕೆಯನ್ನು ಪಡೆಯಲಿಲ್ಲ. 1963ರಲ್ಲಿ ಶುರುವಾದ 'ಡಾಕ್ಟರ್ ಹೂ'ನ ಮೊದಲ ಕಥೆಯನ್ನು ನಿರ್ದೇಶಿಸಿದವನು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಆ ಮೊದಲ ಕಂತಿನ ನಿಗೂಢತೆ ಇಂದಿಗೂ ತಾಜಾ. ಆದರೆ ಅದೇ ಸರಣಿಯ 1971ರ ಕಥೆ 'ದಿ ಡೀಮನ್ಸ್' ನೋಡಿ. ಅಲ್ಲೂ ಹಳ್ಳಿಯ ಪುರಾತನ ದಿಬ್ಬ ಅಗೆಯುತ್ತಾರೆ, ಅಲ್ಲೂ ಪಿಶಾಚಿ ಎಂದರೆ ಬೇರೆ ಲೋಕದವನು, ಅವನೂ ಮನುಷ್ಯನ ಇತಿಹಾಸವನ್ನು ತಿದ್ದಿದವನೇ. ರಂಜನೆಗೆ ಕೊರತೆಯಿಲ್ಲ. ಪಿಶಾಚಿ ನಾಶವಾದ ಮೇಲೆ ಊರವರು ಕಂಬದ ಸುತ್ತ ಕುಣಿಯುತ್ತಾರೆ. ಕೇಡು ಹೊರಗಿನದಾಗಿತ್ತು, ಹೋಯಿತು. 'ಪಿಟ್'ನಲ್ಲಾದರೋ ಕ್ವೇಟರ್‌ಮಾಸ್ ಕೊನೆಯಲ್ಲಿ ಟೆಲಿವಿಷನ್ ಪರದೆಯಿಂದ ನೇರವಾಗಿ ಜನರೊಡನೆ ಮಾತಾಡುತ್ತಾನೆ: ಆ ಪಾಲು ನಮ್ಮೊಳಗಿದೆ, ಹಿಡಿತದಲ್ಲಿಡದಿದ್ದರೆ ಈ ಗ್ರಹವೂ ಸಾಯುತ್ತದೆ.

ನೀಲ್ ತಾನೂ ಆ ಎತ್ತರಕ್ಕೆ ಮತ್ತೆ ಏರಲಿಲ್ಲ. 1979ರ 'ಕ್ವೇಟರ್‌ಮಾಸ್'ನಲ್ಲಿ ಯುವಕರೆಲ್ಲ ಮಂಕುಹಿಡಿದ ಮಂದೆ. ಅವರ ಮೇಲೆ ಲೇಖಕನಿಗೆ ಸಿಟ್ಟಿದೆ, ಕುತೂಹಲವಿಲ್ಲ. ಹೆಂಗಸರ ವಿಷಯದಲ್ಲಂತೂ ಇಡೀ ಪರಂಪರೆಯೇ ಜಿಪುಣ. 'ಪಿಟ್'ನ ಬಾರ್ಬರಾ ಜಡ್ ಕಾಣುವ ದರ್ಶನದಿಂದಲೇ ಮಂಗಳದವರ ನರಮೇಧ ಬಯಲಾಗುತ್ತದೆ, ಅದರ ಅರ್ಥ ಹೇಳುವವರು ಮಾತ್ರ ಗಂಡಸರು.

1953ರ ಆರು ಕಂತುಗಳಲ್ಲಿ ನಾಲ್ಕನ್ನು ಯಾರೂ ದಾಖಲಿಸಲಿಲ್ಲ, ಅವು ಪ್ರಸಾರವಾದ ರಾತ್ರಿಯೇ ಮುಗಿದವು. 'ಪಿಟ್'ನ ಆರೂ ಉಳಿದಿವೆ. ನೋಡುವವರಲ್ಲಿ ನನ್ನದೊಂದು ಕೋರಿಕೆ: ಒಂದೇ ಸಲ ಕೂತು ಮುಗಿಸಬೇಡಿ. ಅಂದಿನವರು ನೋಡಿದಂತೆ ವಾರಕ್ಕೊಂದು ನೋಡಿ.