ಕಡತ ಯಾರದು?

ಎರಡು ವರ್ಷದ ಹಿಂದೆ ನನ್ನ ಮೇಷ್ಟರೊಬ್ಬರ ಬಿಡಿ ಬರಹಗಳನ್ನು ಒಂದು ಸಂಪುಟವಾಗಿ ಕೂಡಿಸುವ ಕೆಲಸಕ್ಕೆ ಕೈಹಾಕಿದೆ. ಅವರು ತೀರಿಕೊಂಡಿದ್ದರು. ಅವರ ಮಗಳು ಒಂದು ಟ್ರಂಕು ಮತ್ತು ಒಂದು ಸಿಡಿ ತಂದುಕೊಟ್ಟರು. ಟ್ರಂಕಿನಲ್ಲಿ 1970ರ ದಶಕದ ನೋಟ್‌ಪುಸ್ತಕಗಳಿದ್ದವು. ಗೆದ್ದಲು ಅಂಚು ತಿಂದಿತ್ತು, ಶಾಯಿ ಮಾಸಿತ್ತು. ಆದರೂ ಕಿಟಕಿಯ ಬೆಳಕಿಗೆ ಹಿಡಿದು ಓದಿದೆವು. ಸಿಡಿಯಲ್ಲಿ 2003ರ ಆಸುಪಾಸಿನ ಬರಹಗಳಿದ್ದವು. ಅವು ಸ್ವಲ್ಪವೂ ಕೆಟ್ಟಿರಲಿಲ್ಲ, ಆದರೆ ಓದಲು ಬರುತ್ತಿರಲಿಲ್ಲ. ತೆರೆದರೆ ಪರದೆಯ ತುಂಬ ಪೌಂಡಿನ ಚಿಹ್ನೆ, ನೆತ್ತಿಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳು, ಅರ್ಥವಿಲ್ಲದ ಆವರಣಗಳು. "ಅಪ್ಪ ಬೇಂದ್ರೆ ಬಗ್ಗೆ ದೊಡ್ಡ ಲೇಖನ ಬರೆದಿದ್ದು ಇದರಲ್ಲೇ ಸರ್" ಎಂದರು ಅವರ ಮಗಳು.

ಪರಿವರ್ತಕ ತಂತ್ರಾಂಶಗಳಿಗೆ ಹಾಕಿದ ಮೇಲೆ ಬಹುಪಾಲು ಬರಹ ಮರಳಿ ಕನ್ನಡವಾಯಿತು. ಒತ್ತಕ್ಷರಗಳು ಜಾಗ ತಪ್ಪಿದ್ದವು, ಸಾಲುಸಾಲಾಗಿ ತಿದ್ದಿದೆವು. ಬೇಂದ್ರೆಯ ಲೇಖನ ಮಾತ್ರ ಬಗ್ಗಲಿಲ್ಲ. ಅದನ್ನು ಯಾವ ಫಾಂಟಿನಲ್ಲಿ ಟೈಪು ಮಾಡಿದ್ದರು ಎಂಬುದೇ ತಿಳಿಯಲಿಲ್ಲ. ಹಳೆಯ ಡಿಟಿಪಿ ಅಂಗಡಿಗಳನ್ನು ಹುಡುಕಿಕೊಂಡು ಹೋದೆವು. ಒಂದು ಮುಚ್ಚಿತ್ತು, ಇನ್ನೊಂದರಲ್ಲಿ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಿದ್ದರು. ಸಂಪುಟ ಆ ಲೇಖನವಿಲ್ಲದೆಯೇ ಅಚ್ಚಿಗೆ ಹೋಯಿತು. ಮೇಷ್ಟರು ಕಂಪ್ಯೂಟರಿಗೆ ಬದಲಾದದ್ದೇ ಬರೆದದ್ದು ಉಳಿಯಲಿ ಎಂದು.

ಸಾಹಿತ್ಯದ ಪತ್ರಿಕೆಯಲ್ಲಿ ಆಫೀಸ್ ತಂತ್ರಾಂಶದ ಚರ್ಚೆ ಏಕೆ ಎಂದು ಕೇಳುವವರಿಗೆ ನನ್ನ ಬಳಿ ಇರುವ ಉತ್ತರ ಆ ಸಿಡಿ. ಹಸ್ತಪ್ರತಿ ಶಾಸ್ತ್ರವನ್ನು ನಾವು ಎಂ.ಎ. ತರಗತಿಯಲ್ಲಿ ಓದುತ್ತೇವೆ. ಓಲೆಗರಿ, ಕಂಠ, ಪಾಠಾಂತರ ಎಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ನಮ್ಮದೇ ಕಾಲದ ಹಸ್ತಪ್ರತಿ ಯಾವ ವಸ್ತುವಿನ ಮೇಲೆ ನಿಂತಿದೆ ಎಂದು ಮಾತ್ರ ಕೇಳಿಕೊಳ್ಳುವುದಿಲ್ಲ.

ಕಂಪ್ಯೂಟರಿನ 'ಫೈಲ್'ಗೆ ಕನ್ನಡದಲ್ಲಿ 'ಕಡತ' ಎನ್ನುತ್ತೇವೆ. ಹಳೆಯ ಕಡತ ಎಂದರೆ ಬಟ್ಟೆ. ಹುಣಸೆಬೀಜದ ಗಂಜಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಲೆಕ್ಕಪತ್ರ, ದಾನ, ಪತ್ರವ್ಯವಹಾರ ಎಲ್ಲವೂ ಅದರಲ್ಲೇ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಅಂದರೆ ಕಡತವೇ ನಮ್ಮ ನಾಡಿನ ಆಫೀಸ್ ಸಲಕರಣೆ. ಅದನ್ನು ಮಾಡುವ ಬಗೆ ಯಾರೊಬ್ಬರ ಗುಟ್ಟೂ ಆಗಿರಲಿಲ್ಲ. ಲಿಪಿ ಬಲ್ಲವರು ಯಾರು ಬೇಕಾದರೂ ಬಿಡಿಸಿ ಓದಬಹುದಿತ್ತು. ಪದವನ್ನು ನಾವು ಉಳಿಸಿಕೊಂಡೆವು, ಆ ಗುಣವನ್ನು ಉಳಿಸಿಕೊಂಡೆವೇ ಎಂಬುದು ಈ ಲೇಖನದ ಪ್ರಶ್ನೆ.

ಮುಕ್ತ ತಂತ್ರಾಂಶದ ಪರವಾಗಿ ನಮ್ಮಲ್ಲಿ ಹೂಡುವ ವಾದ ಸಾಮಾನ್ಯವಾಗಿ ದುಡ್ಡಿನದು. ಸಾವಿರಾರು ರೂಪಾಯಿ ತೆತ್ತು ಮೈಕ್ರೋಸಾಫ್ಟ್ ಆಫೀಸ್ ಏಕೆ ಕೊಳ್ಳಬೇಕು, ಲಿಬ್ರೆಆಫೀಸ್ ಪುಕ್ಕಟೆ ಸಿಗುತ್ತದಲ್ಲ ಎಂದು. ಈ ವಾದ ಇಲ್ಲಿ ನಾಟಲಿಲ್ಲ. ಹಣದ ತಂತ್ರಾಂಶಕ್ಕೆ ನಮ್ಮಲ್ಲಿ ಹೆಚ್ಚಿನವರು ಹಣ ಕೊಟ್ಟವರೇ ಅಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟ ಅಂಗಡಿಯವನು ಅದನ್ನೂ ಹಾಕಿಕೊಟ್ಟಿರುತ್ತಿದ್ದ. ಕದ್ದದ್ದೂ ಪುಕ್ಕಟೆ, ಕೊಟ್ಟದ್ದೂ ಪುಕ್ಕಟೆ ಎಂದಾದಾಗ ಅಭ್ಯಾಸವಾದದ್ದೇ ಗೆಲ್ಲುತ್ತದೆ. ಈಗ ಚಂದಾ ಪದ್ಧತಿ ಬಂದು ಲೆಕ್ಕ ಬದಲಾಗುತ್ತಿದೆ. ಮೈಕ್ರೋಸಾಫ್ಟ್ 365ರ ಚಂದಾ ಮುಗಿದರೆ ಡೆಸ್ಕ್‌ಟಾಪಿನ ವರ್ಡ್ ನಿಮ್ಮ ಕಡತವನ್ನು ತೋರಿಸುತ್ತದೆ, ತಿದ್ದಲು ಬಿಡುವುದಿಲ್ಲ. ಬರೆದವರು ನೀವು, ಲೇಖನಿ ಬಾಡಿಗೆಯದು.

ಆದರೂ ದುಡ್ಡಿನ ವಾದಕ್ಕೆ ನಾನು ಹೆಚ್ಚು ಬೆಲೆ ಕೊಡಲಾರೆ. ಇಂಗ್ಲಿಷಿನವರು ಬೆಲೆಯಿಲ್ಲದ್ದಕ್ಕೂ ಬಂಧನವಿಲ್ಲದ್ದಕ್ಕೂ ಒಂದೇ ಪದ ಬಳಸಿ ತೊಡಕಿಗೆ ಸಿಕ್ಕಿದರು. ಕನ್ನಡದಲ್ಲಿ ಆ ತೊಡಕಿಲ್ಲ, ಉಚಿತ ಬೇರೆ, ಮುಕ್ತ ಬೇರೆ. ಒಂದು ತಲೆಮಾರಿನ ಕನ್ನಡಿಗರಿಗೆ ಕಂಪ್ಯೂಟರಿನಲ್ಲಿ ಬರೆಯುವುದನ್ನು ಕಲಿಸಿದ 'ಬರಹ' ತಂತ್ರಾಂಶ ಬಹುಕಾಲ ಉಚಿತವಾಗಿತ್ತು, ಮುಂದೆ ಹಣ ಕೊಟ್ಟು ಕೊಳ್ಳುವಂಥದ್ದಾಯಿತು. ಅದು ಅದನ್ನು ರಚಿಸಿದವರ ಹಕ್ಕು, ದೂರಲು ಏನೂ ಇಲ್ಲ. ಆದರೆ ಉಚಿತವೆಂಬುದು ಕೊಡುವವರ ಮನಸ್ಸಿನಲ್ಲಿರುತ್ತದೆ. ಮುಕ್ತವೆಂಬುದು ಪಡೆದವರ ಕೈಯಲ್ಲಿರುತ್ತದೆ.

ಈ ವ್ಯತ್ಯಾಸಕ್ಕೆ ಲಿಬ್ರೆಆಫೀಸಿನ ಚರಿತ್ರೆಯೇ ಸಾಕ್ಷಿ. ಅದರ ಮೂಲ ಜರ್ಮನಿಯ ಸ್ಟಾರ್‌ಆಫೀಸ್. 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಅದನ್ನು ಕೊಂಡಿತು. ಮರುವರ್ಷ ಅದರ ಆಕರ ಸಂಕೇತವನ್ನು ಬಹಿರಂಗಪಡಿಸಿ ಓಪನ್‌ಆಫೀಸ್ ಎಂಬ ಹೆಸರಿನಲ್ಲಿ ಬಿಟ್ಟಿತು. 2010ರಲ್ಲಿ ಸನ್ ಕಂಪನಿಯೇ ಒರೇಕಲ್ ಪಾಲಾಯಿತು. ಹೊಸ ಯಜಮಾನರು ಏನು ಮಾಡುತ್ತಾರೋ ಎಂಬ ಅಳುಕಿನಲ್ಲಿ ಅದರ ಮೇಲೆ ದುಡಿಯುತ್ತಿದ್ದ ಹಲವರು ಅದೇ ವರ್ಷ ಹೊರಬಂದು 'ದಿ ಡಾಕ್ಯುಮೆಂಟ್ ಫೌಂಡೇಶನ್' ಕಟ್ಟಿದರು. ಹೆಸರು ಒರೇಕಲ್‌ನದು, ಅದನ್ನು ಬಿಡಬೇಕಾಯಿತು. ಸಂಕೇತ ಎಲ್ಲರದು, ಅದನ್ನು ಜೊತೆಗೆ ಒಯ್ದರು. 2011ರ ಜನವರಿಯಲ್ಲಿ ಲಿಬ್ರೆಆಫೀಸ್ ಎಂದು ಅದು ಹೊರಬಂತು. ಬಳಸುತ್ತಿದ್ದವರ ಒಂದು ಕಡತವೂ ಹಾಳಾಗಲಿಲ್ಲ. ಮಾಲೀಕರು ಬದಲಾದರೂ ಬರಹ ಅನಾಥವಾಗದಿರುವುದೇ ಮುಕ್ತತೆ.

ಇಲ್ಲಿ ಕಡತದ ಮಾದರಿಯ ವಿಷಯ ಬರುತ್ತದೆ. ಲಿಬ್ರೆಆಫೀಸ್ ತನ್ನ ಬರಹಗಳನ್ನು ಓಪನ್ ಡಾಕ್ಯುಮೆಂಟ್ ಎಂಬ ಮಾದರಿಯಲ್ಲಿ ಉಳಿಸುತ್ತದೆ. ಹೆಸರಿನ ಕೊನೆಗೆ ಓಡಿಟಿ ಎಂದಿರುತ್ತದೆ. ಇದು 2006ರಲ್ಲಿ ಐಎಸ್‌ಒ ಮಾನಕವಾಯಿತು. ಇಂಥ ಒಂದು ಕಡತದ ಪ್ರತಿ ತೆಗೆದು, ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿ ನೋಡಿ. ಒಳಗೆ ನಿಮ್ಮ ವಾಕ್ಯಗಳು ಒಂದು ಕಡೆ, ಶೈಲಿಯ ವಿವರಗಳು ಇನ್ನೊಂದು ಕಡೆ, ಸಾದಾ ಪಠ್ಯವಾಗಿ ಕಾಣುತ್ತವೆ. ಲಿಬ್ರೆಆಫೀಸ್ ನಾಳೆ ಇಲ್ಲವಾದರೂ ಅದನ್ನು ಓದಬಹುದು. ವರ್ಡ್‌ನ ಈಗಿನ ಮಾದರಿಯೂ ಇದೇ ರೀತಿ ಜಿಪ್‌ನೊಳಗಿನ ಪಠ್ಯವೇ, 2008ರಲ್ಲಿ ಅದೂ ಐಎಸ್‌ಒ ಮಾನಕವಾಯಿತು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆ ಮತದಾನದಲ್ಲಿ ಭಾರತ ವಿರುದ್ಧವಾಗಿ ಮತ ಹಾಕಿತ್ತು. ಆಮೇಲೆ ನಮ್ಮ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು, ಪತ್ರಿಕೆಗಳು 'ವರ್ಡ್ ಫೈಲ್ ಕಳಿಸಿ' ಎಂದು ಕೇಳುತ್ತಲೇ ಬಂದವು.

ಇಷ್ಟು ಹೇಳಿದ ಮೇಲೆ, ಮುಕ್ತ ತಂತ್ರಾಂಶದ ಉತ್ಸಾಹಿಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಮಾತೊಂದಿದೆ. ನನ್ನ ಮೇಷ್ಟರು ಆ ಲೇಖನವನ್ನು ಲಿಬ್ರೆಆಫೀಸಿನಲ್ಲೇ ಬರೆದು ಓಡಿಟಿಯಾಗಿಯೇ ಉಳಿಸಿದ್ದರೂ ಅದು ಕಳೆದುಹೋಗುತ್ತಿತ್ತು. ಆಗಿನ ಕನ್ನಡ ಫಾಂಟುಗಳು ಕಂಪ್ಯೂಟರಿಗೆ ಕನ್ನಡವನ್ನು ಕಲಿಸಿರಲಿಲ್ಲ. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು, ಅಷ್ಟೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡಿನ ಚಿಹ್ನೆ. ಯೂನಿಕೋಡ್ ಬಂದ ಮೇಲೆ 'ಕ'ಕಾರಕ್ಕೆ ಜಗತ್ತಿನ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಸಂಖ್ಯೆ. ಆದರೂ ನಮ್ಮ ಪುಸ್ತಕೋದ್ಯಮ ಬಹಳ ವರ್ಷ ಪೇಜ್‌ಮೇಕರ್ ಮತ್ತು ಹಳೆಯ ಫಾಂಟುಗಳ ಜೋಡಿಯನ್ನು ಬಿಡಲಿಲ್ಲ. ಆ ಕಾಲದ ಎಷ್ಟೋ ಕನ್ನಡ ಪುಸ್ತಕಗಳ ಡಿಜಿಟಲ್ ಪ್ರತಿಗಳು ಇಂದು ಅದೇ ಸ್ಥಿತಿಯಲ್ಲಿವೆ.

ಹಾಗಾಗಿ ಮುಕ್ತತೆಗೆ ಮೂರು ಅಂತಸ್ತು: ಅಕ್ಷರದ ಸಂಕೇತ, ಕಡತದ ಮಾದರಿ, ತಂತ್ರಾಂಶ. ಕೆಳಗಿನದು ಕುಸಿದರೆ ಮೇಲಿನದು ನಿಲ್ಲದು. ಯೂನಿಕೋಡಿನಲ್ಲಿ ಬರೆದು ವರ್ಡ್‌ನಲ್ಲಿ ಉಳಿಸಿದವರು, ಹಳೆಯ ಫಾಂಟಿನಲ್ಲಿ ಬರೆದು ಲಿಬ್ರೆಆಫೀಸಿನಲ್ಲಿ ಉಳಿಸಿದವರಿಗಿಂತ ಮೇಲು. ಇದನ್ನು ಒಪ್ಪದ ಮುಕ್ತ ತಂತ್ರಾಂಶದ ಪ್ರಚಾರ ಬರೀ ಪಕ್ಷಪಾತವಾಗುತ್ತದೆ.

ಇನ್ನು ಲಿಬ್ರೆಆಫೀಸನ್ನೇ ಒಂದು ಕೃತಿಯಂತೆ ಓದೋಣ. ಅದರಲ್ಲಿ ಫಾಂಟ್ ಆರಿಸುವ ವ್ಯವಸ್ಥೆ ಬಹುಕಾಲದಿಂದ ಲಿಪಿಗಳನ್ನು ಮೂರು ಗುಂಪು ಮಾಡುತ್ತದೆ. ಪಾಶ್ಚಾತ್ಯ, ಏಷ್ಯನ್ ಮತ್ತು 'ಸಂಕೀರ್ಣ'. ಏಷ್ಯನ್ ಎಂದರೆ ಚೀನಿ, ಜಪಾನಿ, ಕೊರಿಯನ್. ಕನ್ನಡ ಏಷ್ಯಾದ್ದಲ್ಲ, ಅರಬ್ಬಿ, ಹೀಬ್ರೂ, ದೇವನಾಗರಿಗಳ ಜೊತೆ ಸಂಕೀರ್ಣದ ಪಾಲಿಗೆ ಬರುತ್ತದೆ. ಹೊಸದಾಗಿ ಬಳಸುವ ವಿದ್ಯಾರ್ಥಿ ಆಯ್ಕೆಗಳಲ್ಲಿ ಭಾಷೆಯ ವಿಭಾಗಕ್ಕೆ ಹೋಗಿ ಸಂಕೀರ್ಣ ಲಿಪಿಯನ್ನು ಚಾಲೂ ಮಾಡಿ, ಕನ್ನಡವನ್ನು ಆರಿಸಬೇಕು. ಶೈಲಿಗಳಲ್ಲಿ ಕನ್ನಡಕ್ಕೆಂದು ಬೇರೆ ಫಾಂಟ್ ಗೊತ್ತುಮಾಡಬೇಕು. ಇದು ತಿಳಿಯದ ಎಷ್ಟೋ ಮಂದಿ ಅಕ್ಷರದ ಅಳತೆ ಹೇಳಿದಂತೆ ಕೇಳುತ್ತಿಲ್ಲವೆಂದು ಬೇಸತ್ತು ಬಿಟ್ಟಿದ್ದಾರೆ. ಯಾರ ಕಣ್ಣಿಗೆ ನಮ್ಮ ಲಿಪಿ ಸಂಕೀರ್ಣ? ಮುಕ್ತ ತಂತ್ರಾಂಶವೂ ಒಂದು ಊರಿನಲ್ಲಿ ಹುಟ್ಟುತ್ತದೆ, ಆ ಊರಿನ ಕಣ್ಣಿನಿಂದಲೇ ಲೋಕವನ್ನು ವಿಂಗಡಿಸುತ್ತದೆ. ವರ್ಡ್‌ನಲ್ಲಿ ರಚಿಸಿದ ಜಟಿಲ ಕೋಷ್ಟಕಗಳು ಇಲ್ಲಿ ತೆರೆದಾಗ ಜಾಗ ಬದಲಿಸುವುದೂ ಉಂಟು. ಸಂಶೋಧನ ಪ್ರಬಂಧ ಸಲ್ಲಿಸುವ ಹಿಂದಿನ ರಾತ್ರಿ ಹಾಗಾದರೆ ಸ್ವಾತಂತ್ರ್ಯದ ಉಪದೇಶ ಯಾರಿಗೂ ರುಚಿಸದು.

ಇದಕ್ಕಿಂತ ದೊಡ್ಡ ಕೊರತೆ ಕಾಗುಣಿತದ್ದು. ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳು ಬಳಸುವ ಕಾಗುಣಿತ ಪರೀಕ್ಷಕದ ಹೆಸರು ಹನ್‌ಸ್ಪೆಲ್. ಅದು ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಹಂಗೇರಿಯನ್ ಕೂಡ ನಮ್ಮಂತೆ ಪ್ರತ್ಯಯದ ಮೇಲೆ ಪ್ರತ್ಯಯ ಹೇರುವ ಭಾಷೆ. 'ಮನೆ'ಯಿಂದ ಮನೆಯಲ್ಲಿ, ಮನೆಯಲ್ಲಿದ್ದವರು, ಮನೆಯಲ್ಲಿದ್ದವರಿಗೂ ಎಂದು ಬೆಳೆಸುವ ಕನ್ನಡಕ್ಕೆ ಬರೀ ಪದಪಟ್ಟಿ ಸಾಲದು, ನಿಯಮ ಬೇಕು. ಹನ್‌ಸ್ಪೆಲ್ ಕೇಳುವುದೂ ಅದನ್ನೇ. ಪದದ ಕೊನೆ ಹೀಗಿದ್ದರೆ ಇಷ್ಟನ್ನು ತೆಗೆ, ಇದನ್ನು ಸೇರಿಸು ಎಂಬ ಒಂದೊಂದು ಸಾಲಿನ ಸೂತ್ರಗಳು. ಎಕಾರದಿಂದ ಮುಗಿಯುವ ಪದಕ್ಕೆ ಸ್ವರದಿಂದ ಶುರುವಾಗುವ ಪ್ರತ್ಯಯ ಸೇರಿದರೆ ನಡುವೆ ಯಕಾರ ಬರುತ್ತದೆ ಎಂಬ ಆಗಮ ಸಂಧಿಯನ್ನು ಹಾಗೆಯೇ ಬರೆಯಬಹುದು. 13ನೆಯ ಶತಮಾನದಲ್ಲಿ ಕೇಶಿರಾಜ ಮಾಡಿದ್ದು ಇದನ್ನೇ, ಕಂದಪದ್ಯಗಳಲ್ಲಿ.

ಇಂದು ಕನ್ನಡದ ಪುಟದ ಮೇಲೆ ಆ ಪರೀಕ್ಷಕವನ್ನು ಓಡಿಸಿದರೆ ಸರಿಯಾದ ಪದಗಳ ಕೆಳಗೂ ಕೆಂಪು ಗೆರೆ ಬೀಳುತ್ತದೆ. ಸಲಕರಣೆಯಲ್ಲಿ ಹೆಚ್ಚಿನ ದೋಷವಿಲ್ಲ, ಸೂತ್ರಗಳು ಸಾಲದು. ಬರೆಯಬೇಕಾದವರು ಯಾರು? ಪ್ರೋಗ್ರಾಮರ್ ಸಂಧಿ ಪ್ರಕರಣ ಓದಿರುವುದಿಲ್ಲ. ಓದಿದವರು ನಾವು. ಪ್ರತಿ ಕಾಲೇಜಿನಲ್ಲೂ ಕನ್ನಡ ವ್ಯಾಕರಣ ಕಲಿಸುವವರಿದ್ದಾರೆ, ಕಲಿಯುವವರಿದ್ದಾರೆ. ಮುಚ್ಚಿದ ತಂತ್ರಾಂಶದಲ್ಲಿ ಕನ್ನಡ ಸರಿಯಿಲ್ಲದಿದ್ದರೆ ದೂರುವುದಲ್ಲದೆ ದಾರಿಯಿಲ್ಲ. ಮುಕ್ತ ತಂತ್ರಾಂಶದಲ್ಲಿ ಸರಿಯಿಲ್ಲದಿದ್ದರೆ ದೂರಿನ ಒಂದು ಪಾಲು ನಮ್ಮ ಮೇಲೂ ಬರುತ್ತದೆ. ಬಹುಶಃ ಅದಕ್ಕೇ ನಮಗೆ ಅದು ಒಗ್ಗುವುದಿಲ್ಲ.

ನೆರೆಯ ಮಲಯಾಳಂ ಇಲ್ಲಿ ನೆನಪಿಗೆ ಬರುತ್ತದೆ. ಟೈಪ್‌ರೈಟರಿಗೆ ಒಗ್ಗಿಸಲು 1971ರಲ್ಲಿ ಅದರ ಲಿಪಿಯನ್ನು ಸರಳಗೊಳಿಸಿದ್ದರು. ಯಂತ್ರಕ್ಕಾಗಿ ಲಿಪಿಯನ್ನು ಕತ್ತರಿಸಿದ್ದು ಸಾಕು, ಈಗಿನ ಯಂತ್ರ ಹಳೆಯ ಲಿಪಿಯನ್ನೂ ಬರೆಯಬಲ್ಲದು ಎಂದು ಭಾಷೆಯನ್ನು ಬಲ್ಲವರೇ 'ರಚನ' ಚಳವಳಿ ಕಟ್ಟಿದರು. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಮೂಲಕ ರಚನ, ಮೀರಾ ಮೊದಲಾದ ಮುಕ್ತ ಫಾಂಟುಗಳು ಎಲ್ಲರಿಗೂ ಸಿಕ್ಕವು. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಮುಕ್ತ ತಂತ್ರಾಂಶದಲ್ಲೇ ಕಲಿಯುತ್ತಾರೆ. ಅಲ್ಲಿ ಅದು ಉಳಿತಾಯದ ವಿಷಯವಾಗಿ ನಿಲ್ಲದೆ ಲಿಪಿಯ ವಿಷಯವಾಯಿತು.

ಕನ್ನಡದಲ್ಲಿ ಯಾರೂ ಯೋಚಿಸಲಿಲ್ಲ ಎಂದಲ್ಲ. ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಕೊಟ್ಟರು, ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಎಂದು ಪಂಡಿತರೊಬ್ಬರ ಹೆಸರಿಟ್ಟರು. ತೇಜಸ್ವಿ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬೆನ್ನು ಹತ್ತಿದ್ದರು. ಹಂಪಿ ವಿಶ್ವವಿದ್ಯಾಲಯದ 'ಕುವೆಂಪು' ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಗುಬ್ಬಿ, ನವಿಲು ಎಂಬ ಮುಕ್ತ ಯೂನಿಕೋಡ್ ಫಾಂಟುಗಳೂ ಇವೆ. ಕೆಲವರು ದುಡಿದಿದ್ದಾರೆ. ಆದರೆ ಸಾಹಿತ್ಯ ವಲಯ ಅದನ್ನು ತಾಂತ್ರಿಕರ ಕೆಲಸವೆಂದು ಬದಿಗಿಟ್ಟಿತು. ಮೇಷ್ಟರ ಸಿಡಿಯಲ್ಲಿ ನಾನು ಕಂಡದ್ದು ಆ ಉದಾಸೀನದ ಫಲವನ್ನೂ ಕೂಡ.

ಸಂಪುಟದ ಕೆಲಸ ಮುಗಿದ ಮೇಲೆ ಎಲ್ಲ ಲೇಖನಗಳನ್ನೂ ಯೂನಿಕೋಡಿನಲ್ಲಿ, ಓಡಿಟಿ ಮಾದರಿಯಲ್ಲಿ ಉಳಿಸಿ, ಮೂರು ಪ್ರತಿ ಮಾಡಿದೆ. ಜೊತೆಗೊಂದು ಸಾದಾ ಪಠ್ಯದ ಪ್ರತಿ. ಒಂದನ್ನು ಮೇಷ್ಟರ ಮಗಳಿಗೆ ಕೊಟ್ಟೆ. ಅವರು ಕೇಳಿದ ಪ್ರಶ್ನೆ ಒಂದೇ: "ಇದು ನನ್ನ ಮಗನ ಕಂಪ್ಯೂಟರಲ್ಲೂ ತೆರ್ಕೊಳ್ಳುತ್ತಾ ಸರ್?" ಹೌದು ಎಂದೆ. ಆ ಒಂದು ಮಾತನ್ನು ಅನುಮಾನವಿಲ್ಲದೆ ಹೇಳಲು ಸಾಧ್ಯವಾದದ್ದಕ್ಕೇ ನಾನು ಲಿಬ್ರೆಆಫೀಸಿನ ಕೋಷ್ಟಕಗಳ ಕಾಟವನ್ನೂ ಕೆಂಪು ಗೆರೆಗಳನ್ನೂ ಸಹಿಸಿಕೊಂಡಿದ್ದೇನೆ. ಬೇಂದ್ರೆಯ ಲೇಖನವಿರುವ ಸಿಡಿ ನನ್ನ ಮೇಜಿನ ಮೇಲೆ ಇನ್ನೂ ಇದೆ. ಆ ಫಾಂಟ್ ಎಲ್ಲಾದರೂ ಸಿಕ್ಕೀತೆಂದು ಹುಡುಕುತ್ತಲೇ ಇದ್ದೇನೆ.