ಕೀರ್ತಿಯೂ ವಿಸ್ಮೃತಿಯೂ: ಮೆಟ್ನರನ ಕೃತಿಗಳನ್ನು ಕುರಿತು

ಯೋಗ್ಯವಾದುದನ್ನು ಕಾಲವೇ ಉಳಿಸುತ್ತದೆ, ಅಯೋಗ್ಯವಾದುದನ್ನು ಕಾಲವೇ ಅಳಿಸುತ್ತದೆ ಎಂಬ ಮಾತು ಕಲಾವಿಮರ್ಶೆಯಲ್ಲಿ ರೂಢವಾಗಿದೆ. ಚರಿತ್ರೆಯ ವ್ಯಾಸಂಗಿಗಳಾದ ನಾವು ಇದನ್ನು ಪರೀಕ್ಷಿಸದೆ ಒಪ್ಪಲಾರೆವು. ರಷ್ಯದ ಇಬ್ಬರು ಸಂಗೀತರಚನಕಾರರ ನಿದರ್ಶನದಿಂದ ಇದರ ಸತ್ಯಾಸತ್ಯತೆಯನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಸೆರ್ಗೇಯ್ ರಾಖ್ಮನಿನೊಫ್ (1873–1943) ಮತ್ತು ನಿಕೊಲಾಯ್ ಮೆಟ್ನರ್ (1880–1951) ಇಬ್ಬರೂ ಮಾಸ್ಕೋ ಸಂಗೀತವಿದ್ಯಾಲಯದಲ್ಲಿ ಕಲಿತವರು; ಇಬ್ಬರೂ ಪಿಯಾನೊ ವಾದನದಲ್ಲಿ ನಿಷ್ಣಾತರು; ಪರಸ್ಪರ ಸ್ನೇಹಿತರು. ರಾಖ್ಮನಿನೊಫ್ ತನ್ನ ನಾಲ್ಕನೆಯ ಪಿಯಾನೊ ಕನ್ಸರ್ಟೊವನ್ನು ಮೆಟ್ನರನಿಗೂ, ಮೆಟ್ನರ್ ತನ್ನ ಎರಡನೆಯದನ್ನು ರಾಖ್ಮನಿನೊಫನಿಗೂ ಅರ್ಪಿಸಿದರು. ಹೀಗಿದ್ದರೂ ಒಬ್ಬನ ಹೆಸರು ಲೋಕವಿಖ್ಯಾತವಾಯಿತು. ಇನ್ನೊಬ್ಬನದು ಬಹುಮಟ್ಟಿಗೆ ತಜ್ಞರ ವಲಯದಲ್ಲಿಯೇ ಉಳಿಯಿತು.

ಇದಕ್ಕೆ ಕಾರಣವು ಕೃತಿಗಳಲ್ಲಿಯೇ ಇದೆಯೆ? ಒಂದಂಶ ಇದೆಯೆಂದೇ ಹೇಳಬೇಕು. ರಾಖ್ಮನಿನೊಫನ ಎರಡನೆಯ ಕನ್ಸರ್ಟೊದ ರಾಗಧಾರೆ ಒಮ್ಮೆ ಕೇಳಿದರೆ ಮನಸ್ಸಿನಲ್ಲಿ ನಿಲ್ಲುತ್ತದೆ. ಮೆಟ್ನರನಲ್ಲಾದರೋ ಸ್ವರಪಂಕ್ತಿಯು ಬೀಜಮಾತ್ರ. ಅದು ಬೆಳೆದು, ಕವಲೊಡೆದು, ಮತ್ತೊಂದರೊಡನೆ ಹೆಣೆದುಕೊಳ್ಳುವ ಕ್ರಮವನ್ನು ಅನುಸರಿಸಿದವರಿಗೇ ಅದರ ಸ್ವಾರಸ್ಯ ತಿಳಿಯುವುದು. ಅವನ 14 ಪಿಯಾನೊ ಸೊನಾಟಾಗಳಲ್ಲಿ 'ರಾತ್ರಿಯ ಗಾಳಿ' ಎಂದು ಹೆಸರಾದುದು ಅರ್ಧ ಗಂಟೆಗೂ ಮೀರಿ ಅವಿಚ್ಛಿನ್ನವಾಗಿ ಸಾಗುತ್ತದೆ. ಅಲ್ಲಲ್ಲಿ ಹೆಣಿಗೆಯ ಸಾಂದ್ರತೆ ಕಿವಿಯನ್ನು ದಣಿಸುವುದೂ ಉಂಟು. ಆದರೆ ಇದು ಕಷ್ಟಸಾಧ್ಯತೆಯೇ ಹೊರತು ಕೀಳುತನವಲ್ಲ.

ಉಳಿದ ಕಾರಣಗಳು ಕೃತಿಗಳ ಹೊರಗಿನವು. 1917ರಲ್ಲಿ ದೇಶ ಬಿಟ್ಟ ರಾಖ್ಮನಿನೊಫ್ ಅಮೆರಿಕದಲ್ಲಿ ವಾದಕನಾಗಿ ಪ್ರಸಿದ್ಧನಾದನು. 1921ರಲ್ಲಿ ಹೊರಟ ಮೆಟ್ನರ್ ಜರ್ಮನಿ, ಫ್ರಾನ್ಸುಗಳಲ್ಲಿದ್ದು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದನು. ಎರಡನೆಯ ಮಹಾಯುದ್ಧದಿಂದ ಜರ್ಮನ್ ಪ್ರಕಾಶಕರ ಮೂಲಕ ಬರುತ್ತಿದ್ದ ವರಮಾನವೂ ನಿಂತಿತು. 1935ರ ತನ್ನ ಗ್ರಂಥದಲ್ಲಿ ಅವನು ನವ್ಯಸಂಗೀತವನ್ನು ಖಂಡಿಸಿದ್ದನಾಗಿ, ಹೊಸಬರ ಬೆಂಬಲವೂ ದೊರೆಯಲಿಲ್ಲ.

ಇಂತಹ ಸಂದರ್ಭದಲ್ಲಿ ನೆರವು ಒದಗಿದುದು ಮೈಸೂರಿನಿಂದ. ಮಹಾರಾಜ ಶ್ರೀ ಜಯಚಾಮರಾಜೇಂದ್ರ ಒಡೆಯರವರ (1919–1974) ಧನಸಹಾಯದಿಂದ ಮೆಟ್ನರ್ ಸೊಸೈಟಿ ಏರ್ಪಟ್ಟು, 1947ರಿಂದ ಮೊದಲಾಗಿ ಮೂರು ಕನ್ಸರ್ಟೊಗಳೂ ಸೇರಿದಂತೆ ಅನೇಕ ಕೃತಿಗಳು ಅವನ ಸ್ವಂತ ವಾದನದಲ್ಲಿಯೇ ಧ್ವನಿಮುದ್ರಿತವಾದವು. ಮೂರನೆಯ ಕನ್ಸರ್ಟೊ ಮಹಾರಾಜರಿಗೆ ಅರ್ಪಿತವಾಗಿದೆ. 'ಶ್ರೀವಿದ್ಯಾ' ಅಂಕಿತದಿಂದ ಕೃತಿಗಳನ್ನು ರಚಿಸಿದ ಒಡೆಯರವರು ಕೇವಲ ದಾನಿಗಳಲ್ಲ, ಮರ್ಮವರಿತ ಶ್ರೋತೃಗಳು. ಮುಂದೆ 1959ರಿಂದ 1963ರವರೆಗೆ ಸೋವಿಯತ್ ದೇಶದಲ್ಲಿ ಅವನ ಸಮಗ್ರ ಕೃತಿಗಳು 12 ಸಂಪುಟಗಳಲ್ಲಿ ಅಚ್ಚಾದವು. 20ನೆಯ ಶತಮಾನದ ಕೊನೆಯ ಭಾಗದಲ್ಲಿ ಹೊಸ ವಾದಕರು ಅವನ್ನು ಮತ್ತೆ ಕೈಗೆತ್ತಿಕೊಂಡರು.

ಮೆಟ್ನರನೇ ಹಿರಿಯನೆಂದು ನಾವು ವಾದಿಸುವುದಿಲ್ಲ. ಕೇಳದೆ ಬಿಟ್ಟುದನ್ನು ಕೇಳಿ ತಿರಸ್ಕರಿಸಿದುದೆಂದು ಎಣಿಸಬಾರದೆಂಬುದಷ್ಟೇ ನಮ್ಮ ಪಕ್ಷ. ಕಾಲವು ತೀರ್ಪು ಕೊಡುವುದಿಲ್ಲ. ಮುದ್ರಕರು, ವಾದಕರು, ಪೋಷಕರು, ಶಿಷ್ಯರು ಕೊಡುತ್ತಾರೆ. ನಮ್ಮಲ್ಲಿಯೂ ತ್ಯಾಗರಾಜರ ಕೃತಿಗಳನ್ನು ಶಿಷ್ಯಪರಂಪರೆಯು ಕಾಪಾಡಿತು. ಅಂತಹ ಶಿಷ್ಯರಿಲ್ಲದವರ ರಚನೆಗಳು ಏನಾದುವೆಂಬುದನ್ನು, ಅವುಗಳ ಗುಣದೋಷಗಳನ್ನು ಹೇಳಹೊರಡುವ ಮುನ್ನ, ನಮ್ಮ ವಿದ್ಯಾರ್ಥಿಗಳು ವಿಚಾರಿಸಬೇಕಾಗಿದೆ.