ಸಂತೋಷದ ಲೆಕ್ಕಾಚಾರ

ಸುಖಜೀವನದ ಗುಟ್ಟನ್ನು ಹೇಳಿಕೊಡುವ ಪುಸ್ತಕಗಳಿಗೆ ಇಂದು ಬರವಿಲ್ಲ. ಅವುಗಳ ನಡುವೆ ರಾಬರ್ಟ್ ವಾಲ್ಡಿಂಗರ್ ಮತ್ತು ಮಾರ್ಕ್ ಶುಲ್ಜ್ ಬರೆದ, 2023ರಲ್ಲಿ ಪ್ರಕಟವಾದ ‘ದಿ ಗುಡ್ ಲೈಫ್’ ಎಂಬ ಇಂಗ್ಲಿಷ್ ಕೃತಿ ಗಂಭೀರ ಓದಿಗೆ ಅರ್ಹವಾಗಿದೆ. ಎಂಟು ದಶಕಗಳಿಗೂ ಮಿಕ್ಕಿದ ಅಧ್ಯಯನವೊಂದರ ಆಧಾರ ಅದಕ್ಕಿದೆ.

ಅಮೆರಿಕದ ಹಾರ್ವರ್ಡ್‌ನಲ್ಲಿ 1938ರಲ್ಲಿ ಆರಂಭವಾದ ಈ ಅಧ್ಯಯನವು 268 ಕಾಲೇಜು ವಿದ್ಯಾರ್ಥಿಗಳ ಬದುಕನ್ನು ವರ್ಷವರ್ಷವೂ ದಾಖಲಿಸುತ್ತ ಹೋಯಿತು. ಬಾಸ್ಟನ್ ನಗರದ ಬಡ ಕೇರಿಗಳ 456 ಹುಡುಗರನ್ನು ಕುರಿತ ಇನ್ನೊಂದು ಅಧ್ಯಯನವೂ ಮುಂದೆ ಇದರೊಡನೆ ಕೂಡಿಕೊಂಡಿತು. ಐವತ್ತರ ವಯಸ್ಸಿನಲ್ಲಿ ತಮ್ಮ ಸಂಬಂಧಗಳಲ್ಲಿ ತೃಪ್ತಿ ಕಂಡವರು ಎಂಬತ್ತರಲ್ಲಿಯೂ ಹೆಚ್ಚು ಆರೋಗ್ಯವಂತರಾಗಿದ್ದರು. ಅವರ ಮುಪ್ಪಿನ ಆರೋಗ್ಯವನ್ನು ಕೊಲೆಸ್ಟರಾಲ್‌ನ ಅಂಕಿಗಿಂತ ಈ ತೃಪ್ತಿಯೇ ಚೆನ್ನಾಗಿ ಮುನ್ಸೂಚಿಸಿತು. ಹಳೆಯ ಗೆಳೆಯರನ್ನು ವಿಚಾರಿಸುವುದು, ಎದುರಿಗಿದ್ದವರ ಮಾತಿಗೆ ಮನವಿಟ್ಟು ಕಿವಿಗೊಡುವುದು ಮೊದಲಾದ ದಿನನಿತ್ಯದ ಅಭ್ಯಾಸಗಳನ್ನು ಲೇಖಕರು ಸರಳವಾಗಿ ಸೂಚಿಸುತ್ತಾರೆ. ವಿದ್ವತ್ತಿನ ಭಾರವಿಲ್ಲದ ನಿರೂಪಣೆ ಕೃತಿಯ ದೊಡ್ಡ ಗುಣ.

ಆದರೂ ಎರಡು ಮಾತು ಹೇಳಬೇಕಾಗಿದೆ. ಮೊದಲು ಆರಿಸಿಕೊಂಡವರೆಲ್ಲರೂ ಬಿಳಿಯ ಗಂಡಸರು. ಹೆಂಡತಿ ಮಕ್ಕಳು ಸೇರಿದ್ದು ಆಮೇಲೆ. ಅಲ್ಲದೆ ಒಡನಾಟದಿಂದ ಆರೋಗ್ಯ ಬಂದಿತೋ, ಆರೋಗ್ಯವಿದ್ದುದರಿಂದ ಒಡನಾಟ ಉಳಿಯಿತೋ ಎಂಬುದನ್ನು ಇಂತಹ ಅಧ್ಯಯನವೊಂದೇ ನಿರ್ಣಯಿಸಲಾರದು. ಕೃತಜ್ಞತೆ, ಬೆರೆಯುವಿಕೆ, ವ್ಯಾಯಾಮ, ಧ್ಯಾನ, ಪ್ರಕೃತಿಯ ಸಾಮೀಪ್ಯ ಎಂಬ ಐದು ಜನಪ್ರಿಯ ಸಲಹೆಗಳನ್ನು ಡನಿಗನ್ ಫೋಕ್ ಮತ್ತು ಎಲಿಜಬೆತ್ ಡನ್ 2023ರಲ್ಲಿ ಪರಾಮರ್ಶಿಸಿದರು. ಕಟ್ಟುನಿಟ್ಟಾದ ಪ್ರಯೋಗಗಳೆಂದು ಅವರಿಗೆ ದೊರೆತವು 57 ಮಾತ್ರ. ಕೆಲವು ಸಲಹೆಗಳಿಗೆ ಗಟ್ಟಿಯಾದ ಆಧಾರವೇ ಇಲ್ಲವೆಂದು ಅವರು ಕಂಡರು.

ಎರಡನೆಯ ಮಾತು ಇನ್ನೂ ಮುಖ್ಯ. ಸಂಬಂಧಗಳಿಗೆ ಕೊಡುವ ಗಮನವನ್ನು ಲೇಖಕರು ‘ಹೂಡಿಕೆ’ ಎನ್ನುತ್ತಾರೆ. ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆ ಯಾವ ಲಾಭವನ್ನು ಎಣಿಸಿ ಹಾಗೆ ಮಾಡುತ್ತಾಳೆ? ಆ ದಿನಗಳಲ್ಲಿ ಅವಳಿಗೆ ಸಂತೋಷ ಸಿಗದೆಯೂ ಇರಬಹುದು. ಆದರೂ ಅವಳ ಬಾಳು ಬರಡಲ್ಲ. ಹಾಗೆಯೇ, ಸಂಗಾತಿಯನ್ನು ಕಳೆದುಕೊಂಡು, ಮಕ್ಕಳು ದೂರದೇಶದಲ್ಲಿರುವಾಗ ಒಬ್ಬರೇ ಉಳಿದ ಹಿರಿಯರಿಗೆ ‘ಬೆರೆಯುವ ಅಭ್ಯಾಸ ಮಾಡಿಕೊಳ್ಳಿ’ ಎಂದರೆ, ಒಂಟಿತನವೂ ಅವರದೇ ತಪ್ಪೆಂದು ಕೇಳಿಸೀತು. ಅವರ ಮನೆಯ ಬಾಗಿಲು ತಟ್ಟಬೇಕಾದವರು ನೆರೆಯವರಾದ ನಾವು.

ಪುಸ್ತಕವನ್ನು ಅವಶ್ಯ ಓದೋಣ. ಅದರ ಸಲಹೆಗಳನ್ನು ನಮ್ಮ ಸುಖಕ್ಕಿಂತ ಮೊದಲು ಆ ಹಿರಿಯರ ನೆನಪಿನಲ್ಲಿ ಪಾಲಿಸೋಣ.